ಬೇರಿಗೆ ತೊಡಿಸಿದ ಕುಂಚಿಗೆ

ನಾನು ಕಂಡೇ ಇಲ್ಲದ ಒಂದು ಮರದ ಬಗ್ಗೆ ಇಷ್ಟು ವರ್ಷ ಪಾಠ ಮಾಡಿಕೊಂಡು ಬಂದಿದ್ದೇನೆ. ಓಕ್ ಮರ. ಗಜೇಂದ್ರಗಡದ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ನನಗೆ ಬೇವು ಗೊತ್ತು, ಬನ್ನಿ ಗೊತ್ತು, ಜಾಲಿ ಗೊತ್ತು. ಓಕ್ ಮಾತ್ರ ನನ್ನ ಪಾಲಿಗೆ ಪುಸ್ತಕದಲ್ಲಿ ಹುಟ್ಟಿ ಪುಸ್ತಕದಲ್ಲೇ ಬೆಳೆದದ್ದು. ಆದರೆ ಬೇರಿಗೂ ಶಿಲೀಂಧ್ರಕ್ಕೂ ಇರುವ ನಂಟನ್ನು ಹೇಳುವಾಗ ಪುಸ್ತಕ ಬರೆದವರಿಗೆ ಅದೇ ಬೇಕು. ನಮ್ಮ ಬೇವಿನ ಬೇರಿನಲ್ಲೂ ಅಂಥದೊಂದು ನಂಟಿದೆ ಎಂಬುದು ಪುಟದ ಕೊನೆಗೆ ಒಂದು ಸಾಲು, ಊಟ ಮುಗಿಯುವಾಗ ನೆನಪಾದ ಉಪ್ಪಿನಕಾಯಿಯ ಹಾಗೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಓಕ್ ಬೇರಿನದೊಂದು ದೊಡ್ಡ ಚಿತ್ರಪಟ ಬರೆದೆ. ನರಗುಂದದ ನಮ್ಮ ಮನೆಯ ಪಡಸಾಲೆಯಲ್ಲಿ ಹಾಳೆ ಹಾಸಿಕೊಂಡು ಕೂತಿದ್ದೆ. ಬಣ್ಣ ತುಂಬಲು ತಂಗಿ ಬಂದಳು. ನನಗಿಂತ ಬಹಳ ಚಿಕ್ಕವಳು, ಆಗಿನ್ನೂ ಸಾಲೆಗೆ ಹೋಗುತ್ತಿದ್ದಳು. ಓಕ್ ಬೇರಿನ ಎಳೆಯ ತುದಿಗಳಿಗೆ ಶಿಲೀಂಧ್ರ ತೆಳುವಾದ ಪದರದ ಹಾಗೆ ಸುತ್ತಿಕೊಂಡಿರುತ್ತದೆ. ಎಷ್ಟೋ ಸಲ ಅದು ಬೆಳ್ಳಗೆ ಬರಿಗಣ್ಣಿಗೇ ಕಾಣುತ್ತದೆ. ಅಲ್ಲಿಗೆ ಬಿಳಿ ಬಣ್ಣ ಹಚ್ಚು ಎಂದೆ. ಅವಳು ಕುಂಚ ಹಿಡಿದು ಸುಮ್ಮನೆ ನೋಡುತ್ತ ಕೂತು, "ಅಕ್ಕಾ, ಬೇರಿಗೆ ಕುಂಚಿಗಿ ತೊಡಿಸ್ಯಾರಲ್ಲ," ಎಂದಳು.

ಕುಂಚಿಗೆ ಅಂದರೆ ನಮ್ಮ ಕಡೆ ಕೂಸುಗಳಿಗೆ ಹಾಕುವ ಟೊಪ್ಪಿಗೆ. ತಲೆ, ಕಿವಿ ಮುಚ್ಚಿ ಬೆನ್ನಿನ ಮೇಲೆ ಇಳಿಬೀಳುತ್ತದೆ. ಅವಳು ಹೇಳಿದ ಮೇಲೆ ನನಗೂ ಅದು ಹಾಗೆಯೇ ಕಂಡಿತು. ಅಂದಿನಿಂದ ತರಗತಿಯಲ್ಲೂ ಕುಂಚಿಗೆ ಎಂದೇ ಹೇಳುತ್ತೇನೆ. ಪರೀಕ್ಷೆಯಲ್ಲಿ ಹಾಗೇ ಬರೆದು ಅಂಕ ಕಳೆದುಕೊಂಡವರೂ ಇದ್ದಾರೆ, ಅದಕ್ಕೆ ನಾನು ಜವಾಬ್ದಾರಳಲ್ಲ.

ನಮ್ಮ ಪುಸ್ತಕ ಹೇಳುವ ಆ ಓಕ್ ಕಾಡುಗಳಿರುವುದು ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ. ಸಮುದ್ರ ಎಂದ ಕೂಡಲೇ ತಂಪು ನೆಲ ಎಂದುಕೊಳ್ಳಬಾರದು. ಬೇಸಿಗೆ ಬಂತೆಂದರೆ ಅಲ್ಲಿ ಮಳೆಯ ಸುಳಿವಿಲ್ಲ, ಅಡಿಯಲ್ಲಿ ಕಲ್ಲು, ಮೇಲೆ ಬಿಸಿಲು. ಹೆಚ್ಚುಕಡಿಮೆ ನಮ್ಮ ಗಜೇಂದ್ರಗಡದ ಗುಡ್ಡವೇ. ಅಂಥಲ್ಲಿ ಮರ ತನ್ನ ಬೇರೊಂದನ್ನೇ ನಂಬಿ ಬದುಕುವುದು ಕಷ್ಟ. ಬೇರು ಹೊಗಲಾರದ ಸಂದಿಗೆ ಶಿಲೀಂಧ್ರದ ಎಳೆ ಹೊಗುತ್ತದೆ, ನೀರನ್ನೂ ಮಣ್ಣಿನ ಸಾರವನ್ನೂ ತಂದು ಕೊಡುತ್ತದೆ. ಬಿಸಿಲು ಕಾಣದ ಶಿಲೀಂಧ್ರಕ್ಕೆ ಮರ ತನ್ನ ಎಲೆಯಲ್ಲಿ ಮಾಡಿದ ಸಕ್ಕರೆಯನ್ನು ಇಳಿಸಿ ಕೊಡುತ್ತದೆ. ಇದನ್ನೆಲ್ಲ ನಾನು ವಿವರಿಸಿದರೆ ತಂಗಿ, "ಹಂಗಾರ ಕೊಟ್ಟು ತಂದಾರ. ಬೀಗರಾದ್ರು," ಎಂದು ನಕ್ಕಳು. ಆ ಹುಡುಗಿಗೆ ಮೊದಲಿನಿಂದಲೂ ಬಾಯಿ ಜಾಸ್ತಿ. ಈಗ ಅವಳು ನಕ್ಕದ್ದನ್ನು ನೆನೆಯಬೇಕೆಂದರೆ ನಾನು ಆ ಪಡಸಾಲೆಯ ತನಕ ಹಿಂದಕ್ಕೆ ಹೋಗಬೇಕು.

ಅವಳನ್ನು ಮುಶಿಗೇರಿಗೆ ಕೊಟ್ಟೆವು. ಎರೆ ಹೊಲ, ರೋಣದ ಪೇಟೆಯಲ್ಲಿ ಕಾಳಿನ ವ್ಯಾಪಾರ, ಉಂಡುಟ್ಟು ಸುಖವಾಗಿರುವ ಮನೆ. ಗಂಡ ಒಳ್ಳೆಯವನು, ವ್ಯಾಪಾರದ ಬೆನ್ನು ಹತ್ತಿ ಪೇಟೆಯಲ್ಲೇ ಹೆಚ್ಚಿರುವವನು. ಮನೆ, ಹೊಲ ಎರಡನ್ನೂ ನೋಡಿಕೊಳ್ಳುವವರು ಅವಳ ಮಾವ. ತಲೆಗೆ ರುಮಾಲು, ಬಾಯಲ್ಲಿ ಎಲೆಯಡಿಕೆ. ನನ್ನನ್ನು ಕಂಡಾಗಲೆಲ್ಲ ಬದುವಿನ ಮೇಲಿನ ಯಾವುದೋ ಕಳೆಯನ್ನು ಕಿತ್ತು ಹಿಡಿದು, "ಅಕ್ಕೋರ, ಇದರ ಹೆಸರೇನ್ರಿ?" ಎಂದು ಪರೀಕ್ಷೆ ಮಾಡುವ ಮನುಷ್ಯ. ನಾನು ಲ್ಯಾಟಿನ್ ಹೆಸರು ಹೇಳಿದರೆ, "ಅಂಥಾದ್ದು ಹೇಳಿದ್ರ ದನಾ ತಿಂತಾವೇನ್ರಿ," ಎನ್ನುತ್ತಿದ್ದರು.

ತಂಗಿಗೆ ಒಂದು ಹೆಣ್ಣುಕೂಸು ಹುಟ್ಟಿತು. ನನ್ನ ಬಾಡಿಗೆ ಮನೆ ಇರುವುದು ನೇಕಾರರ ಓಣಿಯಲ್ಲಿ. ಮಗ್ಗದ ಸಪ್ಪಳ ನಿಂತರೆ ಗಡಿಯಾರ ನಿಂತಂತೆ ಅನ್ನಿಸುವ ಓಣಿ. ಪಕ್ಕದ ಮನೆಯವರನ್ನು ಕೇಳಿ ಕೆಂಪು ಬಟ್ಟೆಯ ತುಂಡು ತಂದು ಕುಂಚಿಗೆಯನ್ನು ನಾನೇ ಹೊಲಿದೆ. ಸೂಜಿ ಹಿಡಿದು ಗೊತ್ತಿಲ್ಲದ ಕೈ, ಒಂದು ಕಿವಿಯ ಕಡೆ ಜೋತುಬಿತ್ತು. ಕೂಸಿಗೆ ತೊಡಿಸಿದಾಗ ಮಾವ ನೋಡಿ, "ನಮ್ಮ ಗೌಡಶಾನಿ ರುಮಾಲ ವಾರಿ ಆಗೇತ್ರಿ," ಎಂದರು, ವಾರಿ ಎಂದರೆ ಓರೆ. ಗೌಡರ ಮನೆಯೊಡತಿಯ ಹಾಗೆ ಗೌಡಶಾನಿ ಎಂದೇ ಮೊಮ್ಮಗಳನ್ನು ಕರೆಯುತ್ತಿದ್ದರು. ಹೊಲಕ್ಕೆ ಹೋಗುವಾಗ ಚಕ್ಕಡಿಯಲ್ಲಿ ಅವಳು ಮುಂದೆ, ಅವರು ಹಿಂದೆ.

ಆ ಮಗುವಿಗೆ ನಾಲ್ಕು ತುಂಬಲಿಲ್ಲ. ಮಳೆಗಾಲದ ಜ್ವರ. ಔಷಧ ಕಹಿ ಎಂದು ಹಲ್ಲು ಕಚ್ಚಿಕೊಂಡು ಕೂತ ಮಗಳ ಬೆನ್ನಿಗೆ ತಂಗಿ ಒಂದು ಏಟು ಕೊಟ್ಟಳು, ಮೂಗು ಹಿಡಿದು ಔಷಧ ಕುಡಿಸಿದಳು. ಯಾವ ತಾಯಿ ಮಾಡುವುದಿಲ್ಲ? ಮಗು ಅತ್ತು, ಬೆರಳು ಮುಂದೆ ಮಾಡಿ ಅವ್ವನಿಗೆ ಠೂ ಬಿಟ್ಟಿತು. ಮಕ್ಕಳ ಲೋಕದಲ್ಲಿ ಠೂ ಬಿಟ್ಟರೆ ಮಾತು ಬಂದ್. ಒಂದು ಪೇಡೆ ಕೈಗಿಟ್ಟರೆ ಮುಗಿಯುವ ಜಗಳ. ಪೇಡೆ ಕೊಡುವ ಹೊತ್ತು ಬರಲಿಲ್ಲ. ಸಂಜೆಗೆ ಜ್ವರ ಏರಿತು, ಗದಗಿನ ದವಾಖಾನೆಗೆ ಒಯ್ದರು, ಡಾಕ್ಟರು ಕೈಲಾದದ್ದೆಲ್ಲ ಮಾಡಿದರು. ಮಗು ಮತ್ತೆ ಕಣ್ಣು ಬಿಡಲಿಲ್ಲ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ತಮ್ಮ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಹೆತ್ತವಳು ಕೂಸಿನ ಮಣ್ಣಿಗೆ ಹೋಗಬಾರದು ಎಂಬುದು ಆ ಮನೆಯ ರೂಢಿ. ಮಳೆಯಲ್ಲೇ ಗಂಡಸರು ಹೊರಟರು. ನಾನು ತಂಗಿಯನ್ನು ಹಿಡಿದುಕೊಂಡು ಒಳಗೆ ಕೂತೆ. ಹಿಡಿದುಕೊಂಡೆ ಅನ್ನುವುದು ಬರೀ ಮಾತಿಗೆ, ಅವಳು ಅಲುಗಲೇ ಇಲ್ಲ, ಅಳಲೂ ಇಲ್ಲ. ಗೋಡೆಗೆ ಒರಗಿಸಿದ ಚೀಲದ ಹಾಗೆ ಇದ್ದಳು. ನಾನು ಹೊಲಿದ ಆ ಸೊಟ್ಟ ಕುಂಚಿಗೆಯನ್ನು ಪೆಟ್ಟಿಗೆಯಿಂದ ತೆಗೆದು ಮಗುವಿನ ಜೊತೆಗೇ ಕಳಿಸಿದ್ದರು ಎಂದು ಆಮೇಲೆ ಗೊತ್ತಾಯಿತು.

ತಿಂಗಳು ಕಳೆದ ಮೇಲೆ ತಂಗಿ ಆಡಿದ ಮೊದಲ ನೆಟ್ಟಗಿನ ಮಾತು, "ಅಲ್ಲೊಂದು ಗಿಡ ಹಚ್ಚಬೇಕು," ಎಂಬುದು. ಮಾವ ಅಂದೇ ರೋಣದ ನರ್ಸರಿಯಿಂದ ಬಿಲ್ವಪತ್ರಿಯ ಗಿಡ ತಂದರು. ಮಗಳನ್ನು ಹೂಳಿದ ಜಾಗದಲ್ಲಿ ತಂಗಿ ತನ್ನ ಕೈಯಾರೆ ಹಚ್ಚಿದಳು. ಮಳೆ ಇರುವತನಕ ಇತ್ತು, ಮಳೆ ಹಿಂದಾದ ಕೂಡಲೇ ಎಲೆಯ ಅಂಚು ಸುಟ್ಟಂತಾಗಿ ಒಣಗಿತು. ಪತ್ರಿ ನಾಜೂಕು ಎಂದು ಬೇವು ತಂದರು. ಬೇವನ್ನು ನಮ್ಮಲ್ಲಿ ಯಾರೂ ಬೆಳೆಸುವುದಿಲ್ಲ, ಗೋಡೆಯ ಸಂದಿಯಲ್ಲೂ ಅದು ತಾನೇ ಬೆಳೆಯುತ್ತದೆ. ಆ ಬೇವೂ ಬೇಸಿಗೆ ದಾಟಲಿಲ್ಲ.

ನೀರು ಕಡಿಮೆಯಾಯಿತು ಅನ್ನುವಂತಿಲ್ಲ. ಮಾವ ಚಕ್ಕಡಿಯಲ್ಲಿ ಬ್ಯಾರಲ್ ಇಟ್ಟುಕೊಂಡು ನೀರು ಒಯ್ಯುತ್ತಿದ್ದರು, ತಂಗಿ ಕೊಡದಲ್ಲಿ ತುಂಬಿ ತುಂಬಿ ಹಾಕುತ್ತಿದ್ದಳು. ಎರೆ ನೆಲದ ಗುಣ ಗೊತ್ತಲ್ಲ, ಮಳೆಯಲ್ಲಿ ಕಾಲಿಗೆ ಅಂಟಿ ಬಿಡುವುದಿಲ್ಲ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅವಳು ಗಿಡದ ಬುಡಕ್ಕಿಂತ ಹೆಚ್ಚಾಗಿ ಆ ಬಿರುಕುಗಳಿಗೇ ನೀರು ಸುರಿಯುತ್ತಿದ್ದಳು, ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುವ ತನಕ.

"ಗಿಡಕ್ಕ ಹಾಕ. ಬಿರಕಿಗೆ ಯಾಕ ಸುರೀತಿ?" ಎಂದು ನಾನೊಮ್ಮೆ ಗದರಿದೆ. ಅವಳು ಇನ್ನೊಂದು ಕೊಡ ತಂದಳು.

ಬೇವು ಒಣಗಿದಾಗ ಊರಿನ ಬಾಯಿ ತೆರೆಯಿತು. ಕೂಸಿಗೆ ಸಮಾಧಾನ ಇಲ್ಲ, ಅದಕ್ಕೇ ಹಸಿರು ಹತ್ತುತ್ತಿಲ್ಲ ಎಂದರು. ಸಮಾಧಾನ ಹೇಳಲು ಬಂದವರೇ ಚಹಾ ಕುಡಿದು ಈ ಮಾತು ಆಡಿ ಹೋಗುತ್ತಿದ್ದರು. ನಾನು ಇದ್ದಾಗ ಒಬ್ಬ ಹೆಂಗಸು ಹಾಗೆ ಅಂದಳು. "ನಿಮ್ಮ ಹಿತ್ತಲದಾಗ ಕರಿಬೇವು ಒಣಗೇತಲ್ಲ, ಅಲ್ಲಿ ಯಾರನ್ನ ಹುಗದೀರಿ?" ಎಂದು ಕೇಳಿಬಿಟ್ಟೆ. ಆಮೇಲೆ ಆಕೆ ಬರಲಿಲ್ಲ. ನನಗೆ ಅದರ ಬಗ್ಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಆಕೆ ಹೋದ ಮೇಲೆ ತಂಗಿ ಹೇಳಿದಳು, "ಅವರ ಮಾತಿಗೆ ನಂಗೇನೂ ಅನಸೂದಿಲ್ಲಕ್ಕಾ. ಅವರಿಗೇನ ಗೊತ್ತೈತಿ? ಅಕಿ ನಂಗ ಇನ್ನೂ ಠೂ ಬಿಟ್ಟಾಳ. ನನ್ನ ಕೈಲೆ ಹಚ್ಚಿದ್ದು ಒಂದೂ ಒಲ್ಲೆ ಅಂತಾಳ. ಒಂದ ಗಿಡ ಹತ್ತಿದ್ರ ಸಾಕು, ಬಟ್ಟ್ಯಾದಳು ಅಂತ ತಿಳಕೋತೀನಿ."

ಠೂ ಬಿಟ್ಟವರು ಮತ್ತೆ ಮಾತಾಡಿದರೆ ಮಕ್ಕಳು ಬಟ್ಟೀ ಎನ್ನುತ್ತಾರೆ. ಇಷ್ಟು ದೊಡ್ಡ ಹೆಂಗಸಿನ ಬಾಯಲ್ಲಿ ಆ ಮಾತು. ಅವಳನ್ನು ತಬ್ಬಿಕೊಳ್ಳಬೇಕಿತ್ತು. ಅದು ನನಗೆ ಬರುವುದಿಲ್ಲ. ನನಗೆ ಬರುವುದು ಪಾಠ, ಪಾಠ ಮಾಡಿದೆ. ನರ್ಸರಿಯ ಗಿಡ ಚೀಲದ ಮಣ್ಣಿನಲ್ಲಿ ಒಂಟಿಯಾಗಿ ಬೆಳೆದಿರುತ್ತದೆ, ಅದರ ಬೇರಿಗೆ ಬೀಗರು ಇರಲಿಕ್ಕಿಲ್ಲ, ಅದಕ್ಕೇ ಬಿಸಿಲು ತಡೆಯುತ್ತಿಲ್ಲ ಎಂದೆ. ಹಳೆಯ ಬೇವಿನ ಬುಡದ ಮಣ್ಣು ತಂದು ಕುಣಿಗೆ ಹಾಕೋಣ, ಅದರಲ್ಲಿ ಶಿಲೀಂಧ್ರ ಇರುತ್ತದೆ ಎಂದೆ. ಬೇವಿನ ಶಿಲೀಂಧ್ರ ಓಕಿನದರಂತಲ್ಲ, ಅದು ಬೇರಿನ ಒಳಗೇ ಹೊಕ್ಕು ಕೂರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಎಂಬುದನ್ನೂ ಹೇಳಿದೆ. ಆದರೆ ಅವಳ ಕಣ್ಣು ಆಗಲೇ ಎಲ್ಲೋ ಹೋಗಿತ್ತು.

"ನಾನ ಬಣ್ಣಾ ತುಂಬಿದ್ದೆನಲ್ಲ," ಎಂದಳು. "ಕುಂಚಿಗಿ."

ಮರುವರ್ಷ ದೀಪಾವಳಿಯ ರಜೆಯಲ್ಲಿ ಮೂರನೆಯ ಗಿಡವಾಗಿ ಮತ್ತೆ ಬೇವನ್ನೇ ಹಚ್ಚಿದೆವು. ಹಳೇ ಬೇವಿನ ಬುಡದಿಂದ ಮಣ್ಣನ್ನು ಮಾವ ತಾವೇ ಅಗೆದು, ಬೇರಿನ ಎಳೆಗಳ ಸಮೇತ ಬುಟ್ಟಿಯಲ್ಲಿ ತಂದರು. ಗೊಬ್ಬರದಂಗಡಿಯಲ್ಲಿ ಸಿಗುವ ಶಿಲೀಂಧ್ರದ ಪುಡಿಯನ್ನೂ ನಾನು ಒಯ್ದಿದ್ದೆ, ಎರಡೂ ಇರಲಿ ಎಂದು. ಮಾವ ಅದನ್ನು ಮೂಸಿ ನೋಡಿ, ಎಂದಿನಂತೆ ಏನಾದರೂ ಚೇಷ್ಟೆ ಮಾಡುತ್ತಾರೆಂದುಕೊಂಡೆ. ಅವರು, "ಹತ್ತತೈತೇನ್ರಿ?" ಎಂದಷ್ಟೇ ಕೇಳಿದರು. ಹತ್ತುತ್ತದೆ ಎಂದೆ. ಆ ಚಳಿಗಾಲ ಗಿಡ ಚೆನ್ನಾಗಿಯೇ ಇತ್ತು. ಒಂದೆರಡು ಹೊಸ ಎಲೆಯೂ ಬಂದವು. ತಂಗಿ ಫೋನಿನಲ್ಲಿ ಅಡುಗೆಯ ಮಾತಾಡತೊಡಗಿದಳು, ಮಾಡಿದ್ದು ಏನು, ಉಂಡದ್ದು ಏನು ಎಂದು. ನನಗೆ ಅಷ್ಟೇ ಸಾಕಾಗಿತ್ತು.

ಶಿವರಾತ್ರಿ ಮುಗಿದು ಬಿಸಿಲು ಚುರುಕಾದ ಮೇಲೆ ಒಂದು ಬೆಳಿಗ್ಗೆ, ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ, ಮೊಬೈಲಿಗೆ ಅವಳಿಂದ ಒಂದು ಫೋಟೋ ಬಂತು. ಗಿಡದ ಬುಡ, ಕರಿ ಮಣ್ಣು, ಮಣ್ಣಿನ ಮೇಲೆ, ಬಿರುಕಿನ ಅಂಚಿಗೆಲ್ಲ ಬೆಳ್ಳಗೆ ನವಿರಾದ ಪದರ. ಕೆಳಗೆ ಬರೆದಿದ್ದಳು, "ಅಕ್ಕಾ, ಬಿಳಿ ಬಂದೈತಿ. ಬೇರು ಕುಂಚಿಗಿ ಹಾಕ್ಕೊಂಡೈತಿ ನೋಡ. ಬಟ್ಟ್ಯಾದಳು."

ನಾನು ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟು ಅಲ್ಲೇ ಕುಳಿತೆ. ಅದು ಶಿಲೀಂಧ್ರವಲ್ಲ. ಅಂಥ ಬಿಳುಪನ್ನು ನೋಡುತ್ತಲೇ ನಾನು ಬೆಳೆದಿದ್ದೆ. ನರಗುಂದದಲ್ಲಿ ಕಾಲುವೆಯ ನೀರು ಬಂದ ಮೇಲೆ ನಮ್ಮಪ್ಪನ ತಗ್ಗಿನ ಹೊಲ ಸವಳು ಬಿದ್ದಿತು. ಮಣ್ಣಿನೊಳಗಿನ ಉಪ್ಪು ನೀರಿನ ಜೊತೆ ಮೇಲೇರುತ್ತಿತ್ತು, ನೀರು ಬಿಸಿಲಿಗೆ ಆರಿ ಉಪ್ಪು ಮೇಲೆ ಉಳಿಯುತ್ತಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಹೊಲಕ್ಕೆ ಹಿಟ್ಟು ಉದುರಿಸಿದಂತೆ ಇರುತ್ತಿತ್ತು. ತಂಗಿಗೆ ತಿಳಿವಳಿಕೆ ಬರುವ ಹೊತ್ತಿಗೆ ಅಪ್ಪ ಆ ಹೊಲ ಬಿಟ್ಟಾಗಿತ್ತು. ಅವಳು ನೋಡಿರಲಿಲ್ಲ.

ಆದರೆ ಮುಶಿಗೇರಿಯ ಆ ಹೊಲಕ್ಕೆ ಕಾಲುವೆಯಿಲ್ಲ, ಸವಳಿನ ಹೆಸರಿಲ್ಲ. ಅಕ್ಕಪಕ್ಕದಲ್ಲೆಲ್ಲ ಕಡಲೆ ಚೆನ್ನಾಗಿ ಬಂದಿತ್ತು. ಆ ಗಿಡದ ಸುತ್ತ ಅಷ್ಟೇ ಅಗಲಕ್ಕೆ ಉಪ್ಪು ಎಲ್ಲಿಂದ ಬಂತು ಎಂದು ಯೋಚಿಸುತ್ತಿದ್ದಂತೆಯೇ ಉತ್ತರ ಹೊಳೆಯಿತು, ಹೊಳೆಯದಿದ್ದರೆ ಚೆನ್ನಾಗಿತ್ತು. ಹೆಣದ ಮೇಲೆ ಉಪ್ಪು ಹಾಕುವುದು ನಮ್ಮಲ್ಲಿ ರೂಢಿ. ಮಣ್ಣಿಗೆ ಹೋದವರೆಲ್ಲ ಒಂದೊಂದು ಬೊಗಸೆ ಹಾಕುತ್ತಾರೆ. ಬೊಗಸೆಯ ಉಪ್ಪಿಗೆ ಮರ ಸಾಯುವುದಿಲ್ಲ. ಯಾರೋ ಬಹಳ ಹಾಕಿದ್ದರು. ಯಾರು ಹಾಕಿರಬಹುದು ಎಂಬುದಕ್ಕೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ, ಆ ಮನೆಯಲ್ಲಿ ಹೊಲದ ಕೆಲಸವೆಲ್ಲ ಮಾವನ ಕೈಯಲ್ಲೇ. ಇವರು ಸುರಿದ ಒಂದೊಂದು ಕೊಡ ನೀರೂ ಆ ಉಪ್ಪನ್ನು ಕರಗಿಸಿ ಮೇಲಕ್ಕೆ ಎಳೆದು ತಂದಿತ್ತು. ಉಪ್ಪಿನಲ್ಲಿ ಬೇರೂ ಬಾಳದು, ಬೇರಿನ ಬೀಗರೂ ಬಾಳರು.

ಕಾಲೇಜಿಗೆ ರಜೆ ಹಾಕಿ ಮುಶಿಗೇರಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನಗೆ ಸಿಟ್ಟು, ಯಾರ ಮೇಲೆ ಎಂದು ಗೊತ್ತಿಲ್ಲದ ಸಿಟ್ಟು. ನಿಜ ಹೇಳಿದರೆ ತಂಗಿಯ ಎದೆಯಿಂದ ಆ ಠೂ ಇಳಿಯುತ್ತದೆ. ಮಗು ಮುನಿದಿಲ್ಲ, ಗಿಡ ಉಪ್ಪಿಗೆ ಸತ್ತದ್ದು. ಆದರೆ ಆ ಉಪ್ಪು ಮಾವನ ಕೈಯಿಂದ ಬಿದ್ದದ್ದು ಎಂದು ಹೇಳಿದಂತೆಯೂ ಆಗುತ್ತದೆ. ಮೊಮ್ಮಗಳು ಹೋದಮೇಲೆ ಎಲೆಯಡಿಕೆ ಬಿಟ್ಟ ಮನುಷ್ಯ, ಯಾವ ಕಳೆಯನ್ನೂ ಕಿತ್ತು ನನಗೆ ತೋರಿಸದ ಮನುಷ್ಯ. ಸುಳ್ಳು ಹೇಳೋಣ, ಗಿಡವೇ ಸರಿಯಿರಲಿಲ್ಲ ಅನ್ನೋಣ ಎಂದು ಬಸ್ಸು ಇಳಿಯುವ ಹೊತ್ತಿಗೆ ನಿರ್ಧರಿಸಿದ್ದೆ.

ಇಬ್ಬರೂ ಹೊಲದಲ್ಲೇ ಇದ್ದರು. ತಂಗಿ ಕೊಡ ತುಂಬಿಕೊಂಡು ನಿಂತಿದ್ದಳು. ನನ್ನನ್ನು ಕಂಡು ಅವಳ ಮುಖ ಅರಳಿತು, ನೋಡಲಾರದೆ ನಾನು ಗಿಡದ ಬುಡಕ್ಕೆ ಕೂತೆ. ಎಲೆಯ ಅಂಚು ಆಗಲೇ ಕಂದಿತ್ತು. ಬಿಳಿ ಪದರವನ್ನು ಉಗುರಿನಿಂದ ಕೆರೆದೆ. ಯೋಚಿಸದೆ, ಅಪ್ಪ ಮಾಡುತ್ತಿದ್ದ ಹಾಗೆ, ನಾಲಿಗೆಗೆ ಹಚ್ಚಿಕೊಂಡುಬಿಟ್ಟೆ. ತಲೆ ಎತ್ತಿದರೆ ಮಾವ ನನ್ನನ್ನೇ ನೋಡುತ್ತಿದ್ದರು.

"ಉಪ್ಪೈತೇನ್ರಿ, ಅಕ್ಕೋರ?" ಎಂದರು.

ಅವರು ತಾವೂ ಕೂತು, ಒಂದು ಚಿಟಿಕೆ ಎತ್ತಿ ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ನುಂಗಲಿಲ್ಲ. ಆಮೇಲೆ ನನ್ನ ಕಡೆ ನೋಡದೆ ಸೊಸೆಗೆ ಹೇಳಿದರು.

"ಯವ್ವಾ, ಇದು ಬೂಷ್ಟಲ್ಲ. ಉಪ್ಪು. ನಾ ಸುರುವಿದ್ದು."

ತಂಗಿಗೆ ಅರ್ಥವಾಗಲಿಲ್ಲ. ಕೊಡ ಹಿಡಿದೇ ನಿಂತಿದ್ದಳು.

"ಅವತ್ತು ಮಳಿ ಬಿಡಲಿಲ್ಲ. ಕುಣ್ಯಾಗ ನೀರ ನಿಲ್ಲಾಕ ಹತ್ತಿತು, ಆಳ ತೋಡಾಕ ಆಗಲಿಲ್ಲ. ಎಲ್ಲಾರೂ ಒಂದ ಬೊಗಸಿ ಹಾಕಿದ್ರು. ನಂಗ ಸಮಾಧಾನ ಆಗಲಿಲ್ಲ. ಎತ್ತಿಗಂತ ತಂದ ಉಪ್ಪಿನ ಚೀಲ ಮನ್ಯಾಗಿತ್ತು. ತರಿಸಿ ಪೂರಾ ಸುರುವಿದೆ. ಕೆಳಗಿಂದು ಮ್ಯಾಲ ಹ್ಯಾಂಗ ಬರತೈತಿ ಅಂತ ತಿಳಕೊಂಡಿದ್ದೆ." ಅವರು ಒಣಗತೊಡಗಿದ ಗಿಡವನ್ನು ಮುಟ್ಟಿದರು. "ಮೂರೂ ಗಿಡ ನಾನ ಕೊಂದೆವ್ವಾ. ಕೂಸಿಗೆ ನಿನ್ನ ಮ್ಯಾಲ ಸಿಟ್ಟಿಲ್ಲ."

ಕೂಸಿಗೆ ಸಿಟ್ಟಿಲ್ಲ ಎಂಬ ಈ ಮಾತಿಗೇ ನಾನು ಇಷ್ಟು ದಿನ ಕಾದಿದ್ದೆ. ಇದೊಂದು ಅವಳ ಕಿವಿಗೆ ಬಿದ್ದರೆ ಸಾಕು ಅಂದುಕೊಂಡಿದ್ದೆ. ಅವಳು ಅದನ್ನು ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಕೊಡವನ್ನು ನೆಲಕ್ಕಿಟ್ಟು ಮಾವನ ಎದುರಿಗೆ ಕೂತಳು.

"ಪೂರಾ ಚೀಲಾ ಏನ್ರಿ, ಮಾವಾರ?"

"ಪೂರಾ ಚೀಲವ್ವಾ."

"ಯಾಕ ಸುರುವಿದ್ರಿ?"

ಅವರು ರುಮಾಲಿನ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. "ನಾಯಿ ನರಿ ಕೆದರತಾವಂತ ಅಂಜಿಕಿ ಬಂತವ್ವಾ."

ತಂಗಿ ಆ ಬೆಳ್ಳಗಿನ ಮಣ್ಣಿನ ಮೇಲೆ ಅಂಗೈ ಊರಿದಳು. ಮಗಳು ಹೋದಂದಿನಿಂದ ನಾನು ಕಾಣದಿದ್ದ ಅಳು ದೊಡ್ಡದಾಗಿ, ನಾಚಿಕೆಯಿಲ್ಲದೆ ಬಂತು.

"ಹಂಗಾರ ನಾಯಿ ಮುಟ್ಟಿಲ್ಲ," ಎಂದಳು.

"ಇಲ್ಲವ್ವಾ. ಯಾವದೂ ಮುಟ್ಟಿಲ್ಲ."

"ಬಿರುಕು ಬಿಟ್ಟಾಗೆಲ್ಲಾ ನಂಗ ಅದ ಅಂಜಿಕಿರಿ. ಆ ಸಂದ್ಯಾಗಿಂದ ವಾಸನಿ ಹಿಡದು ಬರತಾವಂತ. ರಾತ್ರಿ ಊರಾಗ ನಾಯಿ ಬೊಗಳಿದ್ರ ನಂಗ ನಿದ್ದಿ ಇಲ್ಲ."

ಬಿರುಕಿಗೆ ನೀರು ಯಾಕೆ ಸುರಿಯುತ್ತೀ ಎಂದು ಅವಳನ್ನು ಕೇಳಿದ್ದವಳು ನಾನೇ. ಮಾವ ಸೊಸೆಯ ತಲೆಯ ಮೇಲೆ ಕೈಯಿಟ್ಟು ಕೂತಿದ್ದರು, ನಾನು ಗಿಡದ ಇನ್ನೊಂದು ಬದಿಗೆ ಕೂತಿದ್ದೆ.

ಬಿಸಿಲು ಏರಿದ ಮೇಲೆ ಎದ್ದೆವು. ಕೊಡ ತುಂಬಿದ್ದು ತುಂಬಿದಂತೆಯೇ ಇತ್ತು. ತಂಗಿ ಅದನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ಗಿಡದ ಸುತ್ತ ಬಿರುಕುಗಳು ಬಾಯಿ ಬಿಟ್ಟುಕೊಂಡಿದ್ದವು. ಅವುಗಳ ಮೇಲಿಂದ ಒಂದೊಂದಾಗಿ ಹೆಜ್ಜೆ ಎತ್ತಿ ದಾಟಿಕೊಂಡು ಬಂದಳು, ಯಾವುದಕ್ಕೂ ನೀರು ಹಾಕಲಿಲ್ಲ. ಬದುವಿನ ಹತ್ತಿರ ಕಟ್ಟಿದ್ದ ಎತ್ತುಗಳ ಮುಂದೆ ಆ ಕೊಡದ ನೀರನ್ನು ಬಕೆಟಿಗೆ ಸುರಿದಳು.